ಅಳಿಸಿಹೋದ ಬಾಣದ ಗುರುತು

"ಏರ್ ಪಂಪಿಗೆ ಮೂವತ್ತು ಸಾವಿರ, ವಾಲ್ವಿಗೆ ನಾಲ್ಕು. ಪೈಪು, ಕ್ಲಿಪ್ಪು, ಕೂಲಿ ಹಿಡದು ಇನ್ನೂ ಎಂಟು. ಒಟ್ಟು ನಲವತ್ತೆರಡು ಸಾವಿರ ಆಕ್ಕೈತ್ರಿ!"

"ನಲವತ್ತೆರಡಾ?!" ಶಶಿಕಾಂತ ಬೆಚ್ಚಿದ. "ಅರೆ, ಇಂಟರ್‌ನೆಟ್‌ನಾಗ ಎಲ್ಲಾರೂ ಆ ಪಂಪ್ ಕಿತ್ತು ಒಗೀರಿ ಅಂತಾರ!"

"ಕಿತ್ತು ಒಗಿಯಾಕ ಗ್ಯಾರೇಜ್ ಯಾಕ ಬೇಕ್ರಿ? ಗುಜರಿಯವ ಸಾಕು!"

ಮುಂಬೈಯ ಮುಲುಂಡ್‌ನ ಆ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. ಶಶಿಕಾಂತ ಮಾತ್ರ ಎದುರಿದ್ದ ಹುಡುಗಿಯನ್ನೇ ನೋಡುತ್ತ ನಿಂತ. ಕೆನ್ನೆ ಮೇಲೆ ಗ್ರೀಸು, ಕಣ್ಣಲ್ಲಿ ಕಿಡಿ!

ಅವಳು ವೈಶಾಲಿ. ವಿಜಯಪುರದಿಂದ ಬಂದು ಗ್ಯಾರೇಜ್ ಕಟ್ಟಿದ ಸಂಗಪ್ಪನ ಮಗಳು. ಶಶಿಕಾಂತ ಪವಾಯಿಯ ಐಟಿ ಆಫೀಸಿನವನು, ಧಾರವಾಡದವರ ಮಗ. ತನ್ನ ಹಳೆಯ ರೋಟರಿ ಎಂಜಿನ್ ಕಾರೆಂದರೆ ಅವನಿಗೆ ಜೀವ.

"ನೋಡ್ರಿ," ವೈಶಾಲಿ ಬಾನೆಟ್ ಮೇಲೆ ಬಾಗಿದಳು. "ಈ ಎಂಜಿನ್‌ನಾಗ ಪಿಸ್ಟನ್ ಇಲ್ಲ, ಮೂರು ಮೂಲಿ ರೋಟರ್ ತಿರಗತೈತಿ. ಪೆಟ್ರೋಲ್ ಪೂರಾ ಸುಡೂದಿಲ್ಲ, ಹೊಗಿ ಜೋಡಿ ಹೊರಗ ಬರತೈತಿ. ಈ ಪಂಪು ಅದರಾಗ ಹೊಸ ಗಾಳಿ ಊದತೈತಿ. ಉಳದ ಪೆಟ್ರೋಲ್ ಅಲ್ಲೇ ಸುಡತೈತಿ."

"ಮತ್ತ ವಾಲ್ವ್?"

"ಗಾಳಿ ಒಳಗ ಹೋಗಬೇಕು, ಬಿಸಿ ಹೊಗಿ ವಾಪಸ್ ಬರಬಾರದು. ಅದಕ್ಕ. ಇಲ್ಲಿ ಬಾಣದ ಗುರುತು ಐತಲ್ಲ, ಅದು ಎಂಜಿನ್ ಕಡೆ ಇರಬೇಕು."

ಮುಂದಿನ ಎರಡು ವಾರ ಶಶಿಕಾಂತ ದಿನಾ ಆಫೀಸು ಮುಗಿಸಿ ಬಂದ. ಕಾರು ನೋಡಲು ಅಂದ. ಚಹಾ ಮಾತ್ರ ಎರಡು ಹೇಳುತ್ತಿದ್ದ!

ಸಂಗಪ್ಪನಿಗೆ ಬೇರೆಯದೇ ಚಿಂತೆ. "ನಿನ್ನ ಕೆಲಸದ ಮ್ಯಾಲ ಒಂದು ತಕರಾರು ಬಂತಂದ್ರ, ನಟ್ಟು ಬಿಚ್ಚೂ ಪಾನಾ ಕೆಳಗಿಟ್ಟು ಬಿಲ್ ಬರಿಯಾಕ ಕುಂದರಬೇಕು" ಎಂದು ಮಗಳಿಗೆ ಮೊದಲೇ ಹೇಳಿದ್ದ.

ಕಾರು ಸಿದ್ಧವಾಗಿ ಹೋಯಿತು. ಎರಡೇ ದಿನ...

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕಾರು ಗ್ಯಾರೇಜಿನ ಮುಂದೆ ಕಿರ್ರೆಂದು ನಿಂತಿತು. ಸುಟ್ಟ ರಬ್ಬರಿನ ವಾಸನೆ!

"ಕಾಕಾ! ಹೊಗಿ ತಪಾಸಣಿ, ಪಿಯುಸಿ ಫೇಲ್! ಪೈಪ್ ಸುಟ್ಟೈತಿ! ನಿಮ್ಮ ಮಗಳು ವಾಲ್ವ್ ಉಲ್ಟಾ ಹಾಕ್ಯಾಳಂತ ಪಿಯುಸಿಯವ ಅಂದ. ನಾಳೆ ಬಾಂದ್ರಾದಾಗ ಹಳೇ ಕಾರಿನ ಪ್ರದರ್ಶನ ಐತಿ, ನಾ ಏನ್ ಮಾಡ್ಲಿ?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಸಂಗಪ್ಪ ಎದ್ದು ಬಂದ. ಮಗಳ ಕೈಯಿಂದ ಪಾನಾ ತೆಗೆದುಕೊಂಡ, ಅಷ್ಟೇ.

ವೈಶಾಲಿ ಕಾರಿನ ಕಡೆ ತಿರುಗಿದಳು. 'ನಾನಾ? ಉಲ್ಟಾ ಹಾಕಿದೆನಾ? ಇಲ್ಲ... ಸಾಧ್ಯವೇ ಇಲ್ಲ! ಅದೂ ಶಶಿಕಾಂತರ ಬಾಯಿಂದ ಕೇಳಬೇಕಾಯಿತಲ್ಲ...'

ಅಳಲಿಲ್ಲ. ನೇರ ಹೋಗಿ ಬಾನೆಟ್ ಎತ್ತಿದಳು.

ವಾಲ್ವು ಬೆಳ್ಳಿಯಂತೆ ಥಳಥಳ ಹೊಳೆಯುತ್ತಿತ್ತು! ಬಣ್ಣದಲ್ಲಿ ಬರೆದ ಬಾಣ ಮಾಯ. ಕ್ಲಿಪ್ಪಿನ ಸ್ಕ್ರೂ ಕೆಳಗೆ ಮುಖ ಮಾಡಿತ್ತು. ಅವಳು ಯಾವತ್ತೂ ಮೇಲಕ್ಕೇ ಇಡುವವಳು.

"ಇದನ್ನ ಬಿಚ್ಚಿ ಪಾಲಿಶ್ ಮಾಡಿದವರು ಯಾರು?" ಮೆಲ್ಲಗೆ ಕೇಳಿದಳು.

ಶಶಿಕಾಂತನ ಮುಖ ಬಿಳಿಚಿತು.

"ನಾನು... ನೀವು ಹಾಕಿದ ವಾಲ್ವ್ ಐತಲ್ಲ, ಅದು ನಾಳೆ ಎಲ್ಲಾರಿಗೂ ಹೊಳದು ಕಾಣ್ಲಿ ಅಂತ... ತಿಕ್ಕೋದ್ರಾಗ ಬಾಣ ಅಳಿಸಿ ಹೋತು. ಅಂದಾಜಿನ ಮ್ಯಾಲ ಹಾಕಿದೆ. ಸಾರಿ ವೈಶಾಲಿ, ಪ್ಲೀಸ್..."

ವೈಶಾಲಿ ಹೊಳೆಯುವ ವಾಲ್ವನ್ನು ಮತ್ತೆ ನೋಡಿದಳು. 'ನನ್ನ ಕೆಲಸ ಕಾಣಲಿ ಅಂತ ಮಾಡಿದರಾ?' ಸಿಟ್ಟು ಕರಗತೊಡಗಿತು. ಆದರೂ ಬಿಡಲಿಲ್ಲ.

"ನನ್ನ ಕಿವ್ಯಾಗ ಹೇಳಿದ್ರ ಏನು ಉಪಯೋಗ? ಬೈಯುವಾಗ ಎಷ್ಟು ಜೋರ ಇತ್ತಲ್ಲ ದನಿ, ಅಷ್ಟ ಜೋರಾಗಿ ಅಪ್ಪಗ ಹೇಳ್ರಿ."

ಶಶಿಕಾಂತ ಗ್ಯಾರೇಜಿನ ನಡುವೆ ಬಂದು ನಿಂತು ಕೂಗಿದ.

"ಕಾಕಾ! ಎಲ್ಲಾರೂ ಕೇಳ್ರಿ! ವಾಲ್ವ್ ಉಲ್ಟಾ ಹಾಕಿದವ ನಾನು! ವೈಶಾಲಿ ಸರಿಯಾಗೇ ಹಾಕಿದ್ಲು. ತಪ್ಪು ನಂದು!"

ಸಂಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೆಟ್ ನೋಡಿ ರಿಪೇರಿ ಮಾಡೂ ಸಾಹೇಬ್ರ, ಅಲ್ಲೇ ಕುಂದರ್ರಿ. ಏನೂ ಮುಟ್ಟಬ್ಯಾಡ್ರಿ" ಎಂದು ಪಾನಾವನ್ನು ಮಗಳಿಗೆ ಚಾಚಿದ. "ತಗೋ ಅವ್ವಿ. ಕೇಳದ ಕಸಕೊಂಡೆ, ನಂದೂ ತಪ್ಪಾತು."

ವೈಶಾಲಿ ವಾಲ್ವಿಗೆ ಬಾಯಿಂದ ಊದಿ, ಗಾಳಿ ಹೋಗುವ ದಿಕ್ಕು ನೋಡಿ ಸರಿಯಾಗಿ ಹಾಕಿದಳು. ನಾಲ್ಕು ಗಂಟೆಗೆ ಹೊಸ ಪೈಪು ಕೂತಿತು. ಪುಣ್ಯಕ್ಕೆ ಪಂಪು ಉಳಿದಿತ್ತು. ಐದಕ್ಕೆ ವೈಶಾಲಿ, ಶಶಿಕಾಂತ ಇಬ್ಬರೂ ಪಿಯುಸಿ ಸೆಂಟರಿನಲ್ಲಿದ್ದರು. ಮೆಷಿನ್ನಿನಿಂದ ಕಾಗದ ಹೊರಬಂತು.

ಪಾಸ್!!

"ವೈಶಾಲಿ..." ಅವನು ಅವಳ ಕಡೆ ತಿರುಗಿದ. "ಕಾರ್ ಕೆಡದಿದ್ರೂ ನಾ ಬರಬಹುದಾ? ನನಗ ನೀವಂದ್ರ ಬಾಳ ಇಷ್ಟ. ಮೊದಲನೇ ದಿನದಿಂದ."

ಅವಳು ಕಾಗದವನ್ನೇ ನೋಡುತ್ತ ನಕ್ಕಳು. "ನನಗೂ ಇಷ್ಟ. ಆದ್ರ ಮೊದಲನೇ ದಿನದಿಂದ ಅಲ್ಲ."

"ಮತ್ತ?"

"ಇವತ್ತು ಮಧ್ಯಾಹ್ನದಿಂದ. ನೀವು ಎಲ್ಲಾರ ಮುಂದ ಕೂಗಿದ್ರಲ್ಲ... ಆಗಿಂದ."

ಅವನು ಕೈ ಚಾಚಿದ. ಗ್ರೀಸಿನ ಕೈಯನ್ನು ಅವಳು ಒರೆಸಿಕೊಳ್ಳದೆಯೇ ಅದರಲ್ಲಿ ಇಟ್ಟಳು.

ಆ ದಿನ ಶಶಿಕಾಂತನಿಗೆ ಒಂದು ಪೈಪು ಹೋಯಿತು, ಗಿರಾಕಿಗಳ ಮುಂದೆ ಮರ್ಯಾದೆಯೂ ಸ್ವಲ್ಪ ಹೋಯಿತು. ವೈಶಾಲಿಗೆ ಅವಳ ಕೆಲಸ ಉಳಿಯಿತು. ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕರು.