ಗುಟ್ಟೆಪಾಳ್ಯದ ಕರೆ ಪುಸ್ತಕ

ಟಿಣ್.

ಪದ್ಮಶ್ರೀ ಕಣ್ಣು ಬಿಟ್ಟಳು. ಯಾವುದೋ ಸದ್ದಿಗೆ ಆಗಲೇ ಎಚ್ಚರವಾಗಿತ್ತು. ಇದು ಅದರ ನಂತರದ್ದು. ಮೇಜಿನ ಮೇಲಿದ್ದ ಕಪ್ಪು ಫೋನಿನ ಗಂಟೆ ಸಣ್ಣಗೆ ನಡುಗಿತು. ಸುಮ್ಮನಾಯಿತು. ಮತ್ತೆ ನಡುಗಿತು. ಕತ್ತಲಲ್ಲಿ ಸದ್ದು ಕೇಳಿದರೆ ಎಣಿಸುವುದು ಅವಳ ಹಳೆಯ ಚಾಳಿ. ಒಟ್ಟು ಐದು ಸಲ. ಆಮೇಲೆ ಏನೂ ಇಲ್ಲ.

ಗೋಡೆ ಗಡಿಯಾರದಲ್ಲಿ ಎರಡೂ ಇಪ್ಪತ್ತು. ಫೋನಿನ ಪಕ್ಕದ ಕುರ್ಚಿಯಲ್ಲಿ ರಾತ್ರಿ ಪಾಳಿಯ ಬೈರಪ್ಪ ಮಫ್ಲರ್ ಸುತ್ತಿಕೊಂಡು ಕೂತಲ್ಲೇ ನಿದ್ದೆ ಹೋಗಿದ್ದರು. ಕರೆ ಬಂದಿದ್ದರೆ ಅವರು ಏಳುತ್ತಿದ್ದರು ಎಂದುಕೊಂಡು ಪದ್ಮಶ್ರೀ ಬೆಂಚಿನ ಮೇಲೆ ಮಗ್ಗುಲಾದಳು. ಮತ್ತೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಆರೂವರೆಗೆ ಹಗಲು ಪಾಳಿಯ ಮೂರ್ತಿ ಬಂದ. ಮೇಜು ನೋಡಿದ. ಖಾನೆ ಎಳೆದ. ಬೀರು ತೆಗೆದ.

“ಮೇಡಂ, ಕರೆ ಪುಸ್ತಕ ಎಲ್ಲಿ?”

“ಮೇಜಿನ ಮೇಲೇ ಇತ್ತಲ್ಲ.”

“ಇಲ್ಲ. ಯಾರೋ ಎತ್ತಿದಾರೆ.”

ಪದ್ಮಶ್ರೀ ತಾನೇ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಆ ಪುಸ್ತಕಕ್ಕಾಗಿಯೇ ಅವಳು ಗುಟ್ಟೆಪಾಳ್ಯಕ್ಕೆ ಬಂದದ್ದು.

* * *

ಹೆರಿಗೆ, ಹಾವು ಕಡಿತ, ಬೆಂಕಿ, ಅಪಘಾತ, ಏನೇ ಆದರೂ ಸುತ್ತಲಿನ ಹಳ್ಳಿಯವರು ಫೋನ್ ಮಾಡುವುದು ಈ ಕೊಠಡಿಗೆ. ಇಲ್ಲಿಂದ ಆಂಬುಲೆನ್ಸಿಗೋ ಅಗ್ನಿಶಾಮಕದವರಿಗೋ ತಿಳಿಸುತ್ತಾರೆ. ದೇವನಹಳ್ಳಿ, ಸೂಲಿಬೆಲೆ, ಗುಟ್ಟೆಪಾಳ್ಯ, ಇಂಥ ಮೂರು ಕೊಠಡಿಗಳನ್ನು ದೇವನಹಳ್ಳಿಯಲ್ಲಿ ಒಂದು ಮಾಡಬೇಕೆಂಬ ಯೋಜನೆ ಆ ವರ್ಷ, ೧೯೯೬ರ ಜನವರಿಯಲ್ಲಿ, ಕಚೇರಿಯಲ್ಲಿ ತಯಾರಾಗುತ್ತಿತ್ತು. ಯಾವ ಕೊಠಡಿ ಯಾವಾಗ ಮುಚ್ಚಬೇಕು, ಯಾರನ್ನು ಎಲ್ಲಿಗೆ ಹಾಕಬೇಕು, ವರದಿ ಬರೆಯುವವಳು ಪದ್ಮಶ್ರೀ. ಕರೆ ಎಷ್ಟಕ್ಕೆ ಬಂತು, ಗಾಡಿ ಎಷ್ಟಕ್ಕೆ ಹೊರಟಿತು ಎಂಬುದೆಲ್ಲ ಕರೆ ಪುಸ್ತಕದಲ್ಲೇ ಇರುವುದು.

ಹಿಂದಿನ ದಿನ ಬಂದವಳಿಗೆ ಕೊನೆಯ ಬಸ್ಸು ತಪ್ಪಿತ್ತು. ಹಿಂದುಗಡೆ ಕ್ವಾರ್ಟರ್ಸಿನಲ್ಲಿದ್ದ ಬೈರಪ್ಪನವರ ಹೆಂಡತಿ ಮುನಿರತ್ನಮ್ಮ ಮೂರು ಸಲ ಬಂದು ಕರೆದಿದ್ದರು. “ಬೆಂಚಿನ ಮೇಲೆ ಯಾಕಮ್ಮಾ? ನಮ್ಮನೇಲಿ ಬೆಚ್ಚಗೆ ಮಲಿಕ್ಕೊ ಬಾರಮ್ಮ.” ರಾತ್ರಿ ಕೆಲಸ ಹೇಗೆ ನಡೆಯುತ್ತದೆಂದು ನೋಡಬೇಕು ಎಂದು ಇವಳೇ ಹೋಗಲಿಲ್ಲ.

ಮೂರ್ತಿ ಅಷ್ಟರಲ್ಲಿ ಕಚೇರಿಯ ದೊಡ್ಡ ಸಾಹೇಬರ ಮನೆಗೆ ಫೋನ್ ಮಾಡಿಬಿಟ್ಟಿದ್ದ. ರಿಸೀವರ್ ಅವಳ ಕೈಗಿತ್ತ.

“ಏನಮ್ಮಾ, ನೀವಿದ್ದ ಕೋಣೆಯಿಂದಲೇ ಹೋಯ್ತಂತೆ? ಹತ್ತು ಗಂಟೆವರೆಗೆ ನೋಡ್ತೀನಿ. ಸಿಗಲಿಲ್ಲ ಅಂದ್ರೆ ಪೊಲೀಸ್ ಕಂಪ್ಲೇಂಟು. ರಾತ್ರಿ ಪಾಳಿಯವನು ಸಸ್ಪೆಂಡು.”

ರಾತ್ರಿ ಪಾಳಿಯವರು ಬಾಗಿಲಿಗೆ ಬೆನ್ನು ಹಾಕಿ ಕಂಬಳಿ ಮಡಿಸುತ್ತಿದ್ದರು. ನಿವೃತ್ತಿಗೆ ಇನ್ನು ಎಂಟು ತಿಂಗಳು.

“ಬೈರಪ್ಪಣ್ಣಾ, ಪುಸ್ತಕ ಏನಾಯ್ತು?” ಮೂರ್ತಿ ಹಿಂದಿನಿಂದ ಗದರಿದ. ಅವರು ಕಂಬಳಿಯ ಅಂಚು ಸರಿ ಮಾಡುತ್ತಲೇ ಇದ್ದರು. ಮುಂದೆ ಬಂದು ಮತ್ತೆ ಕೇಳಿದಾಗ ತಲೆ ಎತ್ತಿದರು.

“ನಂಗೊತ್ತಿಲ್ಲಪ್ಪ.”

ಮುಖದಲ್ಲಿ ಗಾಬರಿಯಿತ್ತು. ಆದರೆ ಆಶ್ಚರ್ಯ ಇರಲಿಲ್ಲ. ಅದನ್ನು ಪದ್ಮಶ್ರೀ ಗಮನಿಸಿದಳು.

* * *

“ಕದ್ದೋನು ಆಂಜಿನಪ್ಪನೇ,” ಎಂದ ಮೂರ್ತಿ. “ನಿನ್ನೆ ನೀವೇ ಕೇಳಿಸ್ಕೊಂಡ್ರಲ್ಲ? ಈ ಪುಸ್ತಕ ಒಲೆಗಾಕ್ತೀನಿ ಅಂದ.”

ಕೇಳಿಸಿಕೊಂಡಿದ್ದಳು. ಆಂಜಿನಪ್ಪ ಆಂಬುಲೆನ್ಸ್ ಓಡಿಸುವವನು. ಕೊಠಡಿ ಮುಚ್ಚುವ ಸುದ್ದಿ ಕೇಳಿ ನಿನ್ನೆ ಕೂಗಾಡಿದ್ದ. ಈಗ ಗಾಡಿಯ ಹಿಂಬಾಗಿಲು ತೆಗೆದು ನೀರು ಹಾಕಿ ತೊಳೆಯುತ್ತಿದ್ದ. ಚಕ್ರಗಳಿಗೆ ಕೆರೆಯ ಜೇಡಿ ಮೆತ್ತಿತ್ತು.

“ಲೇ ಮೂರ್ತಿ, ನನ್ನೇ ಕಳ್ಳ ಅಂತೀಯೇನ್ಲಾ? ಒಲೆಗಾಕ್ತೀನಿ ಅಂದೆ ಕಣೋ, ಹಾಕ್ದೆ ಅಂದ್ನಾ? ನಮ್ಮವ್ವ ದಿನಾ ನನ್ನ ಕೆರೆಗಾಕ್ತೀನಿ ಅಂತಾಳೆ. ಬದುಕಿಲ್ವಾ?”

ಪದ್ಮಶ್ರೀಗೆ ನಗು ಬಂತು. ತಡೆದುಕೊಂಡಳು.

“ರಾತ್ರಿ ಎಲ್ಲಿದ್ರಿ?”

“ಹೆರಿಗೆ ಕೇಸು ಮೇಡಂ. ಎರಡೂ ಕಾಲು, ಎರಡೂವರೆ ಹೊತ್ಗೆ ಮನೆಗೆ ಫೋನ್ ಬಂತು. ಲಕ್ಕಮ್ಮನ ಸೊಸೆ. ವಿಜಯಪುರದ ಆಸ್ಪತ್ರೆಗೆ ಸೇರಿಸ್ದೆ. ಹೆಣ್ಮಗು. ಗುಂಡುಗುಂಡಗೈತೆ.”

“ದಾರಿ ಹೇಗೆ ಗೊತ್ತಾಯ್ತು?”

“ಮೋರಿ ಕುಸಿದೈತೆ, ಕೆರೆ ಏರಿ ಮೇಲೆ ಹೋಗು, ಮನೇಲಿ ಗಂಡಸ್ರಿಲ್ಲ, ಜೊತೆಗೊಬ್ಬನ್ನ ಕರ್ಕೊಂಡ್ಹೋಗು ಅಂತ ಎಲ್ಲಾ ಹೇಳಿದ್ರಲ್ಲ.”

“ಯಾರು ಹೇಳಿದ್ದು?”

ಆಂಜಿನಪ್ಪ ಬಕೆಟ್ಟಿನತ್ತ ನೋಡಿದ. “ಫೋನ್ ರೂಮಿಂದ ಮೇಡಂ.”

ಫೋನ್ ರೂಮಿನಲ್ಲಿ ಅವಳಿದ್ದಳು. ಅಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ.

* * *

ಮೂರ್ತಿಯ ಮೇಲೂ ಅನುಮಾನವಿತ್ತು. ಪುಸ್ತಕ ಕಳೆದು ಈ ಕೊಠಡಿಗೆ ಕೆಟ್ಟ ಹೆಸರು ಬಂದು ಮೂರೂ ಬೇಗ ಸೇರಿದರೆ ಅವನಿಗೆ ದೇವನಹಳ್ಳಿ ಪಟ್ಟಣದ ಪೋಸ್ಟು. ಚೀಲ ಬೇರೆ ಉಬ್ಬಿತ್ತು. ಕೇಳುವ ಮೊದಲೇ ಅವನೇ ಬಿಚ್ಚಿ ಮೇಜಿನ ಮೇಲೆ ಸುರಿದ. ಟಿಫನ್ ಡಬ್ಬಿ, ಬಾಚಣಿಗೆ, ಪೌಡರ್ ಡಬ್ಬಿ.

“ಪೌಡರ್ ಎತ್ಕೊಂಡು ಡ್ಯೂಟಿಗ್ ಬರ್ತಾನೆ ನೋಡಿ ಮೇಡಂ, ಫೋನ್‌ನಲ್ಲಿ ಮುಖ ಕಾಣ್ತದೆ ಅಂತ,” ಎಂದು ಆಂಜಿನಪ್ಪ ಕಿಟಕಿಯಿಂದ ಹಂಗಿಸಿದ.

ಪದ್ಮಶ್ರೀ ಬೆಂಚಿನ ಮೇಲೆ ಕೂತು ಯೋಚಿಸಿದಳು. ರಾತ್ರಿ ಒಂಬತ್ತಕ್ಕೆ ಪುಸ್ತಕ ಕಣ್ಣಿಗೆ ಬಿದ್ದಿತ್ತು. ಆಗ ಮೂರ್ತಿ, ಆಂಜಿನಪ್ಪ ಇಬ್ಬರೂ ಮನೆ ಸೇರಿದ್ದರು. ಒಂಬತ್ತೂವರೆಗೆ ಬೈರಪ್ಪ ಕಂಬಳಿ ಹೊದ್ದು ಊಟಕ್ಕೆ ಹೋಗಿ ಬಂದರು. ಆಮೇಲೆ ಅವಳೇ ಒಳಗಿನಿಂದ ಚಿಲಕ ಹಾಕಿದಳು. ಮೂರ್ತಿ ಬಂದು ಬಡಿಯುವವರೆಗೆ ಯಾರೂ ತೆಗೆಯಲಿಲ್ಲ.

ಹಾಗಿದ್ದರೆ ಪುಸ್ತಕ ಒಂದೇ ದಾರಿಯಲ್ಲಿ ಹೋಗಿರಬೇಕು.

ಅವಳು ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಬೇಕೆಂದೇ ನೆಲಕ್ಕೆ ಬಿಟ್ಟಳು. ಲೋಟ ಠಣಠಣ ಉರುಳಿತು. ಜಗಲಿಯಾಚೆಯ ಮೂರ್ತಿ ತಿರುಗಿ ನೋಡಿದ. ಮೂರು ಮಾರು ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ ಬೈರಪ್ಪ ತಿರುಗಲಿಲ್ಲ.

ಪದ್ಮಶ್ರೀ ಫೋನಿನ ತಂತಿಯ ಜಾಡು ಹಿಡಿದು ಹೋಗಿ ಗೋಡೆಯ ಕ್ಯಾಲೆಂಡರ್ ಎತ್ತಿದಳು. ಅಲ್ಲಿ ಅದಕ್ಕೆ ಇನ್ನೊಂದು ತಂತಿ ಕೂಡಿಸಿತ್ತು. ಸುಣ್ಣ ಬಳಿದಿದ್ದರಿಂದ ಸುಲಭಕ್ಕೆ ಕಾಣುತ್ತಿರಲಿಲ್ಲ. ಅದು ಕಿಟಕಿಯಿಂದ ಹೊರಗೆ ಹೋಗಿ, ಹಿತ್ತಲ ಗೋಡೆ ಹಿಡಿದು, ಕ್ವಾರ್ಟರ್ಸಿನ ಅಡುಗೆಮನೆ ಸೇರಿತ್ತು.

* * *

ಮುನಿರತ್ನಮ್ಮ ಒಲೆಯ ಮುಂದೆ ಕೂತಿದ್ದರು. ಗೂಡಿನಲ್ಲಿ ಕುಂಕುಮದ ಭರಣಿ, ಪಕ್ಕದಲ್ಲಿ ಒಂದು ಫೋನು. ಅದರ ಕೆಳಗೆ ಕರೆ ಪುಸ್ತಕ.

ಇವಳನ್ನು ನೋಡಿ ಅವರು ಏಳಲಿಲ್ಲ, ಬಚ್ಚಿಡಲೂ ಇಲ್ಲ. ಸೆರಗಿನಿಂದ ಕೈ ಒರೆಸಿಕೊಂಡರು.

“ಕೂತ್ಕೊಳ್ಳಮ್ಮ,” ಎಂದರು.

ಪದ್ಮಶ್ರೀ ನೆಲದ ಮೇಲೆ ಕೂತಳು. “ನಾನೇ ಹೇಳ್ತೀನಿ. ತಪ್ಪಿದ್ರೆ ತಿದ್ದಿ. ರಾತ್ರಿ ಕರೆ ಬಂತು. ಒಂದೇ ಸಲ ಬಡೀತು, ನೀವು ಇಲ್ಲಿ ಎತ್ಕೊಂಡ್ರಿ. ನನಗೆ ಎಚ್ಚರ ಆಗಿದ್ದು ಅದಕ್ಕೆ. ಆಮೇಲೆ ಆಂಜಿನಪ್ಪನ ಮನೆ ನಂಬರ್ ತಿರುಗಿಸಿದ್ರಿ. ಒಂದೇ ಲೈನಿನ ಎರಡು ಫೋನಲ್ಲಿ ಒಂದ್ರಲ್ಲಿ ನಂಬರ್ ತಿರುಗಿಸಿದ್ರೆ ಇನ್ನೊಂದರ ಗಂಟೆ ಸಣ್ಣಗೆ ಅಲ್ಲಾಡುತ್ತೆ. ಐದು ಸಲ ಅಲ್ಲಾಡ್ತು. ಅವನ ನಂಬರಲ್ಲಿ ಐದು ಅಂಕಿ.”

“ಹೂಂ.”

“ಬೈರಪ್ಪನವರಿಗೆ ಕಿವಿ ಕೇಳಲ್ಲ. ಎದುರಿಗಿದ್ರೆ ತುಟಿ ನೋಡಿ ಮಾತಾಡ್ತಾರೆ. ದಿನಾ ರಾತ್ರಿ ಊಟಕ್ಕೆ ಬರುವಾಗ ಅವರ ಕಂಬಳಿಯೊಳಗೆ ಪುಸ್ತಕ ಇಲ್ಲಿಗೆ ಬರುತ್ತೆ. ಬೆಳಗಿನ ಜಾವ ನೀವು ಅದನ್ನ ಮೇಜಿನ ಮೇಲೆ ಇಟ್ಟು ಬರ್ತೀರಿ. ಇವತ್ತು ಆಗಲಿಲ್ಲ, ಯಾಕಂದ್ರೆ...” ಪದ್ಮಶ್ರೀಯ ದನಿ ಕುಗ್ಗಿತು. “ಯಾಕಂದ್ರೆ ಚಿಲಕ ಹಾಕ್ಕೊಂಡು ನಾನು ಮಲಗಿದ್ದೆ. ಪುಸ್ತಕ ಯಾರೂ ಕದ್ದಿಲ್ಲ.”

ಬೈರಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ಹೆಂಡತಿಯ ಮುಖ ನೋಡಿದರು. ಎಲ್ಲ ಗೊತ್ತಾಯಿತು. ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

“ನಾಕು ವರ್ಷದ ಹಿಂದೆ ವಿಷಮಜ್ವರ ಬಂತು ಕಣಮ್ಮ,” ಎಂದರು ಮುನಿರತ್ನಮ್ಮ. “ಕಿವಿ ಹೋಯ್ತು. ಒಂದು ರಾತ್ರಿ ಫೋನ್ ಬಡ್ಕೊಂಡೇ ಐತೆ, ಇವ್ರು ಎದುರುಗೇ ಕೂತವ್ರೆ. ಓಡೋಗಿ ಎತ್ತಿದೆ. ಯಾರದೋ ಮಗ ಬಾವಿಗೆ ಬಿದ್ದಿದ್ದ. ಬದುಕ್ದ. ಅವತ್ತೇ ಇವ್ರು ಕೆಲ್ಸ ಬಿಡ್ತೀನಿ ಅಂದ್ರು. ನಾನೇ ಬಿಡಕ್ಕೆ ಬಿಡ್ಲಿಲ್ಲ. ತಪ್ಪು ನಂದೇ ಅಂತ ಬರ್ಕೊ.”

“ಹಂಗೆ ಬರೀಬೇಡಿ ಮೇಡಂ,” ಬೈರಪ್ಪ ಮೆಲ್ಲಗೆ ಹೇಳಿದರು. “ಸಂಬಳ ತಗೊಂಡೋನು ನಾನು.”

ಪದ್ಮಶ್ರೀ ಪುಸ್ತಕ ಬಿಡಿಸಿದಳು. ಸರ್ಕಾರಿ ಅಂಕಣಗಳಲ್ಲಿ ಮನೆ ನಂಬರ್ ಇರಲಿಲ್ಲ. ‘ಹುಣಸೆಮರ ದಾಟಿ ನೀಲಿ ಬಾಗಿಲು. ನಾಯಿ ಐತೆ, ಕಚ್ಚಲ್ಲ.’ ‘ಅಜ್ಜಿ ಒಬ್ಬಳೇ, ಹೆದರವಳೆ, ಆಂಜಿನಪ್ಪನ್ನ ಕಳಿಸಿ ತಿರುಗಾ ಫೋನ್ ಮಾಡ್ದೆ, ಅವ್ನು ಹೋಗೋವರೆಗೂ ಇಡಲಿಲ್ಲ.’ ಪ್ರತಿ ಕರೆಗೂ ಗಾಡಿ ಹೊರಟ ಸಮಯ. ನಾಲ್ಕು ವರ್ಷ ಒಂದು ರಾತ್ರಿಯೂ ಖಾಲಿ ಬಿಟ್ಟಿರಲಿಲ್ಲ. ಅವಳು ನೋಡಿದ ಮೂರು ಕೊಠಡಿಗಳಲ್ಲಿ ಇಷ್ಟು ಬೇಗ ಗಾಡಿ ಹೊರಡಿಸಿದ್ದು ಇದೊಂದೇ.

ಆದರೂ ಅವಳ ಅಳುಕು ಹೋಗಲಿಲ್ಲ. “ನಿಮಗೇ ಹುಷಾರಿಲ್ಲದ ದಿನ?”

ಮುನಿರತ್ನಮ್ಮ ಮೊದಲ ಸಲ ತಲೆ ತಗ್ಗಿಸಿದರು. “ಅದೇ ಭಯ ಕಣಮ್ಮ. ಅದಕ್ಕೇ ಹುಷಾರು ತಪ್ಪೇ ಇಲ್ಲ ನಾನು.”

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಯಾರೂ ಇಳಿಸಲಿಲ್ಲ.

* * *

ಹತ್ತಕ್ಕೆ ಐದು ನಿಮಿಷ ಇರುವಾಗ ಪದ್ಮಶ್ರೀ ಸಾಹೇಬರಿಗೆ ಫೋನ್ ಮಾಡಿದಳು.

“ಪುಸ್ತಕ ಸಿಕ್ಕಿತು ಸಾರ್. ನನ್ನ ಬ್ಯಾಗಲ್ಲೇ ಇತ್ತು. ರಾತ್ರಿ ಓದೋಕೆ ತಗೊಂಡು ಮರೆತಿದ್ದೆ.”

“ಒಂದು ಪುಸ್ತಕ ನೋಡ್ಕೊಳ್ಳೋಕಾಗಲ್ಲ, ನೀವು ಮೂರು ಸೆಂಟರ್ ಸೇರಿಸ್ತೀರಾ?”

“ತಪ್ಪಾಯ್ತು ಸಾರ್.”

ಮೂರ್ತಿ ಬಾಯಿ ತೆರೆದು ಕೂತಿದ್ದ. ಆಂಜಿನಪ್ಪ ಬಾಗಿಲಾಚೆ ನಿಂತು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಹೊರಗೆ ಬಂದಾಗ ಅವಳು ಅವನನ್ನು ತಡೆದು ಮೆಲ್ಲಗೆ ಹೇಳಿದಳು: “ಇವತ್ತಿಂದ ನೀವು ಮನೇಲಿ ಮಲಗೋ ಹಾಗಿಲ್ಲ. ಫೋನಿನ ಪಕ್ಕದ ಬೆಂಚು ನಿಮ್ಮದು. ಮುನಿರತ್ನಮ್ಮ ಎತ್ತದೇ ಇದ್ರೆ ನೀವೆತ್ತಬೇಕು.”

“ಬೆಂಚು ಗಟ್ಟಿ ಅಲ್ವಾ ಮೇಡಂ?”

“ಬಹಳ ಗಟ್ಟಿ.”

“ಆಯ್ತು ಬಿಡಿ,” ಎಂದ. ಕಣ್ಣು ಒದ್ದೆಯಾಗಿತ್ತು.

ವಿಜಯಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ವರದಿಯ ಕರಡು ಬರೆದಳು. ಗುಟ್ಟೆಪಾಳ್ಯದ ಕೊಠಡಿಯನ್ನು ಕೊನೆಯಲ್ಲಿ, ಸೆಪ್ಟೆಂಬರ್ ನಂತರವೇ ಸೇರಿಸಬೇಕು. ಈ ಹಳ್ಳಿಗಳ ದಾರಿ, ಮನೆ, ಮೋರಿಗಳ ಗುರುತು ದೇವನಹಳ್ಳಿಯಲ್ಲಿ ಕೂರುವವರಿಗೆ ಗೊತ್ತಿಲ್ಲ. ಮೊದಲು ಕರೆ ಪುಸ್ತಕದಿಂದ ನಕಲು ಮಾಡಿಕೊಳ್ಳಬೇಕು. ಎರಡು ಸಲ ಓದಿದಳು. ಒಂದು ಮಾತೂ ಸುಳ್ಳಿರಲಿಲ್ಲ. ಬರೆಯದೆ ಬಿಟ್ಟದ್ದು ಮಾತ್ರ ಇತ್ತು: ಬೈರಪ್ಪನವರ ಕಿವಿ, ಸೆಪ್ಟೆಂಬರಿನಲ್ಲಿ ಅವರ ನಿವೃತ್ತಿ.

ಸಂಜೆ ಮನೆಯಲ್ಲಿ ಅಕ್ಕ ಶಾಮಲಾ ರಾತ್ರಿ ಹೇಗಿತ್ತು ಎಂದು ಕೇಳುತ್ತಾಳೆ. ಅಕ್ಕನಿಗೆ ಹೇಳದೆ ಪದ್ಮಶ್ರೀ ಇದುವರೆಗೆ ಒಂದು ಹೆದರಿಕೆಯನ್ನೂ ಒಳಗಿಟ್ಟುಕೊಂಡವಳಲ್ಲ. ಚಳಿ ಇತ್ತು, ಊಟ ಚೆನ್ನಾಗಿತ್ತು ಎಂದರಾಯಿತು. ಉಳಿದದ್ದನ್ನು ಅಕ್ಕನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಅವಳು ಪೆನ್ನಿನ ಮುಚ್ಚಳ ಹಾಕಿದಳು.