ಊಟದ ಹೊತ್ತಿನ ಕೆಂಪು ರಿಬ್ಬನ್

ಅವನು ಮತ್ತೆ ಹಾಗೇ ಮಾಡಿದ. ಊಟದ ಹಾಲಿನಲ್ಲಿ ತಟ್ಟೆ ಹಿಡಿದು ನೇರ ಅವಳ ಮೇಜಿನ ಕಡೆಗೇ ಬಂದವನು, ಇನ್ನು ನಾಲ್ಕು ಹೆಜ್ಜೆ ಇದೆ ಅನ್ನುವಾಗ ಅವಳ ಬ್ಯಾಡ್ಜಿನತ್ತ ಕಣ್ಣು ಹಾಯಿಸಿ, ಏನೋ ಮರೆತವನ ಹಾಗೆ ಕಿಟಕಿಯ ಕಡೆ ತಿರುಗಿಬಿಟ್ಟ. ಸತತ ಮೂರನೇ ವರ್ಷ.

ಹೋಗಲಿ ಬಿಡು, ಅಂದುಕೊಂಡಳು. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅವಳಲ್ಲಿ ಅದೂ ಉಳಿದಿರಲಿಲ್ಲ.

ಹಳೆಯ ನಕಾಶೆಗಳನ್ನು ಓದುವವರು, ಕಾಪಾಡುವವರು, ಅವುಗಳ ಮೇಲೆ ಜಗಳವಾಡುವವರು ವರ್ಷಕ್ಕೊಮ್ಮೆ ಮೂರು ದಿನ ಸೇರುವ ಕಾರ್ಯಾಗಾರ ಅದು. ಅವಳು ಒಂದು ಗ್ರಂಥಾಲಯದ ನಕಾಶೆ ವಿಭಾಗ ನೋಡಿಕೊಳ್ಳುವವಳು. ಐದು ವರ್ಷದ ಹಿಂದೆ, "ಇಲ್ಲಿ ಒಬ್ರ ಜೊತೆ ಒಬ್ರು ಹೇಗೆ ನಡ್ಕೋಬೇಕು ಅನ್ನೋದಕ್ಕೆ ಒಂದು ನಿಯಮ ಬೇಡ್ವಾ?" ಎಂದು ಸಮಿತಿಯಲ್ಲಿ ಬಾಯಿಬಿಟ್ಟ ತಪ್ಪಿಗೆ, ನಿಯಮ ಬರೆಯುವ ಕೆಲಸವೂ ದೂರು ಕೇಳುವ ಕೆಲಸವೂ ಅವಳ ಕೊರಳಿಗೇ ಬಿದ್ದವು. ಹದಿನಾಲ್ಕು ಪುಟದ ಕೈಪಿಡಿ ಬರೆದಳು. ಜನ ಅದನ್ನು ಬೀಸಣಿಗೆ ಮಾಡಿಕೊಂಡು, ಅವಳಿಗೆ 'ದೂರಿನಮ್ಮ' ಎಂದು ಹೆಸರಿಟ್ಟರು.

ಕೈಪಿಡಿಯಲ್ಲಿ ರಿಬ್ಬನ್‌ಗಳ ವಿಚಾರವೂ ಇತ್ತು. ಬ್ಯಾಡ್ಜಿಗೆ ಹಸಿರು ಕಟ್ಟಿಕೊಂಡರೆ ಯಾರು ಬೇಕಾದರೂ ಮಾತಾಡಿಸಬಹುದು. ಹಳದಿಯಾದರೆ ಪರಿಚಯದವರು ಮಾತ್ರ. ಕೆಂಪಾದರೆ, ದಯವಿಟ್ಟು ನಮ್ಮ ಪಾಡಿಗೆ ನಮ್ಮನ್ನು ಬಿಡಿ. ಕೆಂಪಿನ ಬಗ್ಗೆ ಇನ್ನೂ ಒಂದು ಸಾಲಿತ್ತು, ಬರೆದವಳಿಗೇ ಮರೆತುಹೋಗಿತ್ತು.

ದೂರಿನ ಕೋಣೆಯಲ್ಲಿ ಅವಳು ಹಸಿರು ಕಟ್ಟುತ್ತಿದ್ದಳು, ಊಟಕ್ಕೆ ಕೂತಾಗ ಕೆಂಪು. ಅದನ್ನು ಕಂಡು ಸುಮ್ಮನಿದ್ದ ಪುಣ್ಯಾತ್ಮರೇ ಇಲ್ಲ. "ಊಟ ಮಾಡಿ ಮೇಡಂ, ಮಾಡಿ. ಆ ಎರಡನೇ ಮಹಡಿ ಎಸಿ ವಿಷಯ ಒಂದು ಮಾತು..." ಅವಳು ಅಗಿಯುತ್ತ ತಲೆಯಾಡಿಸುತ್ತಿದ್ದಳು.

ಅವನು ಹರಿದ ನಕಾಶೆಗಳನ್ನು ರಿಪೇರಿ ಮಾಡುವವನು. ಎಲ್ಲರ ಬಾಯಲ್ಲೂ 'ಗೋಂದು'. ಮೂರು ವರ್ಷದ ಹಿಂದೆ, ಅವಳಿನ್ನೂ ಊಟಕ್ಕೂ ಹಸಿರೇ ಕಟ್ಟುತ್ತಿದ್ದ ಕಾಲದಲ್ಲಿ, ಪಕ್ಕ ಕೂತು ಹುಳ ತಿಂದ ನಕಾಶೆಯೊಂದರ ಫೋಟೋ ತೋರಿಸಿದ್ದ. "ಈ ಹುಳ ನಮ್ಮ ಎಷ್ಟೋ ವಿದ್ವಾಂಸರಿಗಿಂತ ವಾಸಿ ಮೇಡಂ. ಬಾಯಿ ಹಾಕೋಕೆ ಮುಂಚೆ ಇಡೀ ನಕಾಶೆ ಸುತ್ತಾಡಿದೆ." ಅವಳು ನಕ್ಕ ರಭಸಕ್ಕೆ ಕಾಫಿ ಮೂಗಿಗೆ ಬಂದಿತ್ತು. ಅವನು ಗಾಬರಿಯಾಗದೆ, ಮೇಜಿನ ಮೇಲೆ ಬಿದ್ದ ಹನಿಗಳನ್ನು ಕರವಸ್ತ್ರದಿಂದ ಒತ್ತಿ ಒತ್ತಿ ತೆಗೆದಿದ್ದ. ಉಜ್ಜಲಿಲ್ಲ, ಒತ್ತಿದ. ಆ ಕೈಯನ್ನು ಅವಳು ಮರೆತಿರಲಿಲ್ಲ. ಮರುವರ್ಷದಿಂದ ಅವನು ಕಿಟಕಿಯ ಪಾಲಾದ.

ಎರಡನೇ ದಿನ ಹನ್ನೊಂದು ಗಂಟೆಗೆ ದೂರಿನ ಕೋಣೆಗೆ ಸಂಶೋಧಕಿಯೊಬ್ಬಳು ಬಂದಳು. ಮೊದಲ ಕಾರ್ಯಾಗಾರ, ಮೊದಲ ಪ್ರಬಂಧ.

"ದೂರು ಅಂತಲ್ಲ ಮೇಡಂ..."

ಎಲ್ಲ ದೂರುಗಳೂ ಹೀಗೇ ಶುರುವಾಗುವುದು. ಅವಳು ನೀರಿನ ಲೋಟ ಮುಂದೆ ಸರಿಸಿದಳು.

ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರೊಫೆಸರು ಪ್ರಬಂಧದ ಮಧ್ಯೆ ಎದ್ದು ಬಂದು, ಹುಡುಗಿಯ ಭುಜ ಹಿಡಿದು, "ನಿನ್ನ ನಗು ನೋಡ್ತಾ ಕೂತ್ರೆ ನಿನ್ನ ನಕಾಶೆ ಯಾರು ನೋಡ್ತಾರಮ್ಮ?" ಅಂದಿದ್ದರು. ಆಮೇಲೂ ಕೈ ತೆಗೆದಿರಲಿಲ್ಲ.

"ಎಲ್ಲ ನಕ್ರು. ನಾನೂ ನಕ್ಕೆ ಮೇಡಂ. ಅದೇ ಹೊಟ್ಟೆ ಉರೀತಿರೋದು."

ಪ್ರಬಂಧ ಕೇಳಲು ಹನ್ನೊಂದು ಜನ ಕೂತಿದ್ದರು. ಅವಳು ಒಬ್ಬೊಬ್ಬರನ್ನೇ ಕೇಳಿದಳು. "ಅಯ್ಯೋ, ನಾನಾಗ ಕಾಫಿ ತರೋಕೆ ಹೋಗಿದ್ದೆ," ಅಂದರು ಹತ್ತು ಜನರೂ. ಆ ಮಹಡಿಯ ಕಾಫಿ ಮಷೀನು ಬೆಳಗ್ಗೆಯಿಂದ ಕೆಟ್ಟಿತ್ತು.

ಹನ್ನೊಂದನೆಯವನು ತಾನೇ ಬಂದ. ಬಾಗಿಲಲ್ಲಿ ನಿಂತು ಮೊದಲು ಅವಳ ಬ್ಯಾಡ್ಜು ನೋಡಿದ. ಅಲ್ಲಿ ಹಸಿರು ಕಂಡಿದ್ದೇ ಅವನ ಮುಖ ಸಡಿಲವಾಯಿತು.

"ನಾನು ಕಾಫಿ ತರೋಕೆ ಹೋಗಿರ್ಲಿಲ್ಲ," ಅಂದ ಗೋಂದು, ಎದುರು ಕೂತು ಒಂದು ಹಾಳೆ ಮುಂದಿಡುತ್ತ. ಯಾರು ಎಲ್ಲಿ ಕೂತಿದ್ದರು, ಯಾವ ಮಾತು, ಯಾವ ಕೈ, ಎಲ್ಲವೂ ಅದರಲ್ಲಿತ್ತು.

"ಕೈ ಎಷ್ಟು ಹೊತ್ತಿತ್ತು?"

"ಏಳು ಸ್ಲೈಡು."

"ನೀವೂ ನಕ್ರಾ?"

"ಇಲ್ಲ. ಆದ್ರೆ ಏಳಲೂ ಇಲ್ಲ, ಸುಮ್ನೆ ಕೂತಿದ್ದೆ. ಅದನ್ನೂ ಬರ್ದಿದೀನಿ, ಕೊನೇ ಸಾಲು."

ಅವಳು ಪೆನ್ನು ಕೆಳಗಿಟ್ಟಳು. ಕೇಳಬಾರದಿತ್ತು, ಸುಸ್ತಾದವರ ನಾಲಿಗೆಗೆ ಕಾವಲಿರುವುದಿಲ್ಲ. "ನನ್ನ ಕಂಡ್ರೆ ಯಾಕೆ ತಿರುಗಿ ಹೋಗ್ತೀರ?"

ಅವನು ನಿಜಕ್ಕೂ ಬೆರಗಾದ. "ನೀವು ಕೆಂಪು ಕಟ್ಟಿರ್ತೀರಲ್ಲ!"

"ಅದನ್ನ ಯಾರ್ ನೋಡ್ತಾರೆ?"

"ನಾನು ನೋಡ್ತೀನಿ. ಮೂರು ವರ್ಷದಿಂದ ಅದನ್ನೇ ನೋಡ್ತಿದೀನಿ." ಕಿವಿಯ ತುದಿ ಕೆಂಪಾಯಿತು. "ಈಗ ಹಸಿರಿದೆ. ಹಾಗಾದ್ರೆ ನಾನು ಒಂದು ಮಾತು..."

"ಬೇಡ," ಅಂದಳು.

ಅಂದುಕೊಂಡಿದ್ದಕ್ಕಿಂತ ಬಿರುಸಾಗಿ ಬಂತು. ಒಂಬತ್ತನೇ ಪುಟ: ತೀರ್ಮಾನವಾಗುವ ತನಕ ದೂರು ಕೇಳುವವರು ಸಾಕ್ಷಿಯ ಜೊತೆ ಸ್ವಂತ ವಿಷಯ ಮಾತಾಡಬಾರದು. ಮಾತಾಡಿದರೆ, "ಸಾಕ್ಷಿ ಅವಳ ಕಡೆಯವನೇ ಅಲ್ವಾ," ಎಂದು ಪ್ರೊಫೆಸರು ನಾಳೆ ಕೈ ಝಾಡಿಸಿಕೊಳ್ಳುತ್ತಾರೆ; ಆ ಹುಡುಗಿ ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ.

"ಸರಿ," ಅಂದು ಅವನು ಎದ್ದ. ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ ಹೋದ.

ಹನ್ನೊಂದನೇ ಪುಟ ಆಮೇಲೆ ನೆನಪಾಯಿತು: ಒಮ್ಮೆ ಬೇಡ ಎಂದವರನ್ನು ಎರಡನೇ ಸಲ ಕೇಳಬಾರದು. ಅದನ್ನು ಬರೆದವಳೂ ಅವಳೇ. ಇಡೀ ಕಾರ್ಯಾಗಾರದಲ್ಲಿ ಕೈಪಿಡಿ ಓದಿದ್ದ ಗಂಡಸು ಒಬ್ಬನೇ. ಅವನನ್ನೇ ಅದು ಓಡಿಸಿತ್ತು.

ಸಂಜೆ ಅಕ್ಕ ಫೋನು ಮಾಡಿದಳು. "ಯಾಕೆ ದನಿ ಹಿಂಗಿದೆ? ಊರೋರ ದೂರೆಲ್ಲ ಕೇಳ್ತೀಯ, ನಿಂದು ಯಾರ ಹತ್ರ ಹೇಳ್ತೀಯೆ?"

"ನಂದೇನೂ ಇಲ್ಲ ಅಕ್ಕ."

"'ದೂರು ಅಂತಲ್ಲ' ಅಂತ ಶುರು ಮಾಡು, ತಾನೇ ಬರುತ್ತೆ."

ಮೂರನೇ ದಿನ ಬೆಳಗ್ಗೆ ಅವಳು ಕಡತವನ್ನು ಸಮಿತಿಗೆ ಒಪ್ಪಿಸಿ, ಸಾಕ್ಷಿಯ ಪರಿಚಯ ತನಗಿದೆ ಎಂದು ಬರೆದುಕೊಟ್ಟು, ತಾನು ಮತ ಹಾಕದೆ ಮೂಲೆಯಲ್ಲಿ ಕೂತಳು. "ಮಗಳ ಥರ ಕಂಡೆನಪ್ಪ, ಅದಕ್ಕೂ ದೂರಾ?" ಎಂದು ಪ್ರೊಫೆಸರು ನಕ್ಕರು. ಸಮಿತಿಯ ಮುಖ್ಯಸ್ಥೆ ಗೋಂದಿನ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದರು. 'ಏಳು ಸ್ಲೈಡು' ಬರುವಷ್ಟರಲ್ಲಿ ನಗು ನಿಂತಿತ್ತು.

ಇನ್ನು ಅವರಿಗೆ ಇಲ್ಲಿ ಅಧ್ಯಕ್ಷತೆ ಇಲ್ಲ, ಲಿಖಿತ ಕ್ಷಮಾಪಣೆ ಕೊಡಬೇಕು, ಹುಡುಗಿ ಎರಡು ಗಂಟೆಗೆ ಪ್ರಬಂಧವನ್ನು ಮೊದಲಿಂದ ಓದಬೇಕು ಎಂದಾಯಿತು. ಅವಳು ಓದಿದಳು. ಒಂದೇ ಸಲ ನಕ್ಕಳು, ಅದೂ ತನಗೇ ನಗಬೇಕೆನಿಸಿದಾಗ.

ಗೆದ್ದ ಮೇಲೆ ಹಗುರಾಗಬೇಕಿತ್ತು. ದೂರಿನಮ್ಮನಿಗೆ ಮಾತ್ರ ಎಲ್ಲಾದರೂ ಕಣ್ಣು ಮುಚ್ಚಿ ಕೂತರೆ ಸಾಕೆನಿಸಿತ್ತು. ಮೂರು ಗಂಟೆಗೆ ಊಟದ ಹಾಲಿಗೆ ಬಂದು, ಅಭ್ಯಾಸಬಲದಿಂದ ಕೆಂಪು ಕಟ್ಟಿಕೊಂಡು ಕೂತಳು. ಕಿಟಕಿಯ ಬಳಿ ಗೋಂದು, ಕಾಲ ಬಳಿ ಚೀಲ. ನಾಲ್ಕಕ್ಕೆ ಅವನ ಬಸ್ಸು. ಒಮ್ಮೆ ಕೆಂಪು ರಿಬ್ಬನ್ ನೋಡಿ, ಹೊರಗೆ ನೋಡತೊಡಗಿದ.

"ಮೇಡಂ," ಹುಡುಗಿ ಬಂದು ನಿಂತಿದ್ದಳು. "ನಿಮ್ದು ಕೆಂಪಿದೆ, ಗೊತ್ತು. ಆದ್ರೆ ನಂದೂ ಕೆಂಪೇ. ಕೆಂಪು ಕಟ್ಟಿದೋರು ತಾವಾಗೇ ಯಾರನ್ನಾದ್ರೂ ಮಾತಾಡಿಸ್ಬಹುದಲ್ವಾ? ಆರನೇ ಪುಟದಲ್ಲಿದೆ. ಥ್ಯಾಂಕ್ಸ್ ಹೇಳೋಣ ಅಂತ ಬಂದೆ, ಅಷ್ಟೇ."

ಅವಳಿಗೆ ಆ ಸಾಲು ನೆನಪಾಯಿತು. ಹಾಗಾದರೆ ಮೂರು ವರ್ಷ ಅವನು ಮುಖ ತಿರುಗಿಸಿರಲಿಲ್ಲ. ಕರೆದಾರು ಎಂದು ಕಾದಿದ್ದ.

ತಟ್ಟೆ ಎತ್ತಿಕೊಂಡು ಕಿಟಕಿಯ ಬಳಿಗೆ ನಡೆದಳು. ಅವನು ತಿರುಗಿದ.

"ದೂರು ಅಂತಲ್ಲ," ಅಂದಳು. ತಟ್ಟೆಯನ್ನು ಅವನ ಮೇಜಿನ ಮೇಲಿಟ್ಟಳು. "ನಿನ್ನೆ ಬೇಡ ಅಂದಿದ್ದು ಸಾಕ್ಷಿಗೆ. ನಿಮಗಲ್ಲ."

"ಸಾಕ್ಷಿಗೆ ರಾತ್ರಿಯಿಡೀ ನಿದ್ದೆ ಇಲ್ಲ," ಅಂದ ಅವನು.

"ನಿನ್ನೆ ಏನು ಹೇಳೋಕೆ ಹೊರಟಿದ್ರಿ?"

"ನಿಮ್ಮ ಪಕ್ಕ ಕೂತು ಊಟ ಮಾಡ್ಬೇಕು ಅಂತ. ಮಾತಾಡ್ಲೇಬೇಕು ಅಂತೇನಿಲ್ಲ."

"ಯಾವತ್ತು?"

ಅವನು ಹರಿದ ಅಂಚು ಜೋಡಿಸುವವನಂತೆ ನಿಧಾನವಾಗಿ ಹೇಳಿದ: "ದಿನಾ."

"ಕಾರ್ಯಾಗಾರ ಇವತ್ತಿಗೆ ಮುಗೀತಲ್ರೀ."

"ಅದಕ್ಕೇ ಹೇಳಿದ್ದು."

ಅವಳು ಕೂತಳು. ಕಣ್ಣು ತುಂಬಿದ್ದು ಸುಸ್ತಿಗೆ ಎಂದುಕೊಂಡಳು, ಅರ್ಧ ನಿಜ. "ಬಸ್ಸು?"

"ಐದೂವರೆಗೆ ಇನ್ನೊಂದಿದೆ. ನಾಳೆ ಬೆಳಗ್ಗೇನೂ ಇದೆ. ಎಲ್ಲಾ ನೋಡಿಟ್ಕೊಂಡಿದೀನಿ."

ಅಷ್ಟರಲ್ಲಿ ಎರಡನೇ ಮಹಡಿಯ ಎಸಿ ದೂರಿನವರು ಬಂದೇಬಿಟ್ಟರು. "ಮೇಡಂ, ಒಂದೇ ಒಂದು ಮಾತು..."

ಗೋಂದು ತನ್ನ ಕುರ್ಚಿಯನ್ನು ಅವಳಿಗೆ ಅಡ್ಡವಾಗಿ ಎಳೆದುಕೊಂಡ. "ಸರ್, ಕೆಂಪಿದೆ. ಕಾಣಲ್ವಾ?"

"ಅಲ್ಲಯ್ಯಾ, ಮತ್ತೆ ನೀನು ಮಾತಾಡ್ತಿದೀಯಲ್ಲ!"

"ನಾನು ಮಾತಾಡಿಸಿಲ್ಲ," ಅಂದ ಅವನು, ಹಾಲಿಗೆಲ್ಲ ಕೇಳುವ ಹಾಗೆ. "ಅವರೇ ಕರೆದಿದ್ದು."