ಕೊಸರು ಕೊಡದ ವ್ಯಾಪಾರಿ

ಬಲು ಹಿಂದೆ, ಗುಡ್ಡಸಾಲುಗಳ ಆಚೆ, ಚಂದ್ರಾವಳಿ ಎಂಬ ರಾಜ್ಯವಿತ್ತು. ಅದರ ಅಂಚಿನಲ್ಲಿ ಎರೆಮಾಳ ಎಂಬ ಹಳ್ಳಿ. ಅಲ್ಲಿ ಪ್ರತಿ ಮನೆಗೂ ಒಂದು ಕಸುಬು. ಒಂದು ಮನೆಯಲ್ಲಿ ಮಡಕೆ ಮಾಡುವ ತಿಗರಿ ತಿರುಗುತ್ತಿತ್ತು, ಒಂದು ಮನೆಯಲ್ಲಿ ಬುಟ್ಟಿ ಹೆಣೆಯುತ್ತಿದ್ದರು, ಇನ್ನೊಂದರಲ್ಲಿ ಗಾಣ ಆಡುತ್ತಿತ್ತು. ವಾರಕ್ಕೊಮ್ಮೆ ಸಂತೆ ಸೇರುತ್ತಿತ್ತು. ಊರಿನ ಅನ್ನವೆಲ್ಲ ಆ ಸಂತೆಯಲ್ಲೇ ಹುಟ್ಟುತ್ತಿತ್ತು.

ಆ ಊರಲ್ಲಿ ಅಕ್ಕತಂಗಿಯರಿಬ್ಬರು. ಅಕ್ಕ ಸೋಮವ್ವ ಕಂಬಳಿ ನೇಯುತ್ತಿದ್ದಳು. ತಂಗಿ ನಿಂಗವ್ವ ಮಂಡಕ್ಕಿ ಹುರಿದು ಮಾರುತ್ತಿದ್ದಳು. ತಾಯಿತಂದೆ ಇಲ್ಲದ ಅವರಿಗೆ ಒಬ್ಬರಿಗೊಬ್ಬರೇ ದಿಕ್ಕು.

ಎರೆಮಾಳದ ಸಂತೆಗೆ ಒಂದು ನೇಮವಿತ್ತು. ದಿನದ ಮೊದಲ ಗಿರಾಕಿಯದು ಬೋಣಿ. ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಅವರು ಕೇಳಿದ್ದನ್ನು ಕೊಡಲೇಬೇಕು.

ಒಂದು ಸಂತೆಯ ಬೆಳಗ್ಗೆ ಹೆಗಲ ಮೇಲೆ ತಕ್ಕಡಿ ಹೊತ್ತ ಒಬ್ಬ ಬಂದ. ಎತ್ತರದ ಆಳು. ಧೂಳಿನಲ್ಲಿ ನಡೆದರೂ ಅವನ ಹೆಜ್ಜೆಯ ಗುರುತು ಮೂಡುತ್ತಿರಲಿಲ್ಲ. ನೇರವಾಗಿ ಕುಂಬಾರ ಈರಯ್ಯನ ಮುಂದೆ ನಿಂತ.

"ಬೋಣಿ ನನ್ನದು," ಅಂದ.

"ಬರ್ರಿ ಬರ್ರಿ. ಕೊಡ ಬೇಕೋ, ಹರವಿ ಬೇಕೋ?"

"ಸಾಮಾನು ಬೇಡ. ನಿನ್ನ ಕೈಗುಣ ಕೊಡು."

ಈರಯ್ಯ ನಕ್ಕುಬಿಟ್ಟ. "ಅದಕ್ಕೇನು, ತಗೊಳ್ರಿ ಸ್ವಾಮಿ!"

ಆ ಮನುಷ್ಯ ತಕ್ಕಡಿಯ ಒಂದು ತಟ್ಟೆಗೆ ಬೆಳ್ಳಿ ಹಾಕಿದ. ಇನ್ನೊಂದು ತಟ್ಟೆಗೆ ಈರಯ್ಯನ ಬೆರಳುಗಳಿಂದ ಬೆಚ್ಚನೆಯ ಬೆಳಕೊಂದು ಇಳಿಯಿತು. ಮುಳ್ಳು ನೆಟ್ಟಗೆ ನಿಂತಿತು. ಮರುದಿನ ಈರಯ್ಯ ಮಣ್ಣಿನ ಮುಂದೆ ಕೂತು, ಇದನ್ನು ಏನು ಮಾಡುವುದು ಎಂದು ಹೆಂಡತಿಯನ್ನು ಕೇಳಿದ. ಸಂಜೆಗೆ ಎತ್ತಿಲ್ಲದ ಗಾಡಿಯೊಂದು ತಾನೇ ಉರುಳಿ ಬಂದು ಬಾಗಿಲಲ್ಲಿ ನಿಂತಿತು. ಈರಯ್ಯ ಮಾತಾಡದೆ ಹತ್ತಿ ಕೂತ. ಗಾಡಿ ಆ ವ್ಯಾಪಾರಿಯ ಕೋಟೆಯಿದ್ದ ಕರಿಗುಡ್ಡದ ಕಡೆ ಹೋಯಿತು.

ಮುಂದಿನ ಸಂತೆಗೆ ಬುಟ್ಟಿಯವರ ಸರದಿ. ಅದರ ಮುಂದಿನ ಸಂತೆಗೆ ಬಡಗಿಗಳದು. ಕರಿಗುಡ್ಡದ ಕೋಟೆಯಿಂದ ಮಡಕೆ, ಬುಟ್ಟಿ, ನೇಗಿಲು ಸಾಲುಸಾಲಾಗಿ ರಾಜಧಾನಿಗೆ ಹೊರಟವು. ಎಲ್ಲವೂ ಒಂದೇ ಅಚ್ಚು. ಅಗ್ಗವಾಗಿ ಸಿಕ್ಕಿತೆಂದು ರಾಜನೂ ಖುಷಿಪಟ್ಟ. ಎರೆಮಾಳದಲ್ಲಿ ಮಾತ್ರ ಒಂದೊಂದೇ ಒಲೆ ಆರಿತು. ಜನ ಆ ವ್ಯಾಪಾರಿಗೆ ತೂಕದಯ್ಯ ಎಂದು ಹೆಸರಿಟ್ಟರು. ಅವನ ಹೆಸರು ಕೇಳಿದರೆ ಅಳುವ ಮಕ್ಕಳೂ ಸುಮ್ಮನಾಗುತ್ತಿದ್ದವು. ಆದರೂ ಬೋಣಿಯ ನೇಮ ಮುರಿಯುವ ಧೈರ್ಯ ಯಾರಿಗೂ ಬರಲಿಲ್ಲ.

ಒಂದು ಬೆಳಗ್ಗೆ ಸೋಮವ್ವ ಕೈಯಲ್ಲಿ ಉಣ್ಣೆಯ ಎಳೆ ಹಿಡಿದು ನಿಂತಿದ್ದಳು.

"ನಿಂಗೀ, ಇದೇನೇ ಇದು?"

ನಿಂಗವ್ವ ಓಡಿಬಂದಳು. "ಅಕ್ಕಾ, ನಿನ್ನೆ ಸಂತೇಲಿ ಬೋಣಿ ಯಾರಿಗೆ ಮಾಡಿದೆ?"

ಬಾಗಿಲಲ್ಲಿ ಗಾಡಿಯ ಚಕ್ರ ಕಿರುಗುಟ್ಟಿತು. ನಿಂಗವ್ವ ಅಕ್ಕನ ಸೆರಗು ಹಿಡಿದು ಜಗ್ಗಿದಳು. ಸೆರಗು ಹರಿದು ಕೈಯಲ್ಲಿ ಉಳಿಯಿತು. ಅಕ್ಕ ತಿರುಗಿಯೂ ನೋಡದೆ ಗಾಡಿ ಹತ್ತಿದಳು.

ನಿಂಗವ್ವ ಗಾಡಿಯ ಹಿಂದೆಯೇ ಓಡಿದಳು. ಗಾಣದ ಕಾಳಮ್ಮ ಬಾಗಿಲ ಸಂದಿಯಿಂದ ಕೂಗಿದಳು. "ಏ ಹುಚ್ಚಿ, ಮಂಡಕ್ಕಿ ಮಾರೋಳು ನೀನು! ಅವನು ಉಫ್ ಅಂದ್ರೆ ಹಾರಿಹೋಗ್ತೀಯ!"

"ಹಾರಿದ್ರೆ ಅಕ್ಕನ ಹತ್ರಾನೇ ಬೀಳ್ತೀನಿ ಬಿಡು, ಕಾಳಮ್ಮ," ಅಂದಳು ನಿಂಗವ್ವ.

ಕೋಟೆಯ ಬಾಗಿಲಲ್ಲಿ ಬೂದಿಬಣ್ಣದ ಹುಲಿಯೊಂದು ಮಲಗಿತ್ತು. ಗಾಡಿ ಒಳಗೆ ಹೋಗುತ್ತಲೇ ಅದು ಎದ್ದು ಅಡ್ಡ ನಿಂತಿತು. ಅದರ ಉಸಿರು ಮುಖಕ್ಕೆ ಬಡಿದು ನಿಂಗವ್ವನಿಗೆ ಕಣ್ಣು ಕತ್ತಲೆ ಬಂತು.

"ನಾನು ಸಂತೆಯ ನೇಮದ ಹುಲಿ. ನೇಮ ಮುರಿದವರು ನನ್ನ ಊಟ," ಅಂದಿತು. "ಏನು ಮಾರಲು ಬಂದೆ?"

ಕೈಗುಣ ಮಾರಿದವರೆಲ್ಲ ಒಳಗೇ ಉಳಿದರಲ್ಲ ಎಂದು ನಿಂಗವ್ವನಿಗೆ ಹೊಳೆಯಿತು. "ಮಾರೋಕಲ್ಲ. ಕೊಳ್ಳೋಕೆ ಬಂದೆ."

ಹುಲಿ "ಗಿರಾಕಿಯನ್ನು ತಡೆಯುವಂತಿಲ್ಲ," ಎಂದು ಪಕ್ಕಕ್ಕೆ ಸರಿಯಿತು.

ಒಳಗೆ ಉದ್ದನೆಯ ಹಜಾರ. ಎರಡೂ ಕಡೆ ಸಾಮಾನಿನ ರಾಶಿ. ಅವಳು ಕಾಲಿಟ್ಟ ಕೂಡಲೇ ರಾಶಿಗಳು ಪಿಸುಗುಟ್ಟತೊಡಗಿದವು. "ನನ್ನನ್ನು ತಗೋ. ಪುಕ್ಕಟೆ ತಗೋ." ಒಂದು ಕಂಬಳಿ ಅಕ್ಕನ ದನಿಯಲ್ಲೇ ಕರೆಯಿತು. "ನಿಂಗೀ, ಚಳಿ ಆಗ್ತಿದೆ ಅಲ್ವೇನೇ? ಹೊದ್ಕೊಳ್ಳೇ."

ನಿಜವಾಗಿಯೂ ಮೂಳೆ ಕೊರೆಯುವ ಚಳಿ. ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಕಂಬಳಿಯ ಕೆಳಗೆ ಮುದುರಿ ಕೂತ ಜನರು ಕಂಡರು. ಪುಕ್ಕಟೆ ಸಿಕ್ಕಿದ್ದನ್ನು ಹೊದ್ದು ಅಲ್ಲೇ ಕಲ್ಲಾದವರು. ಒಬ್ಬನ ಕಣ್ಣು ಇನ್ನೂ ಮಿಟುಕುತ್ತಿತ್ತು. ನಿಂಗವ್ವ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, ಅಕ್ಕನ ದನಿ ಬೆನ್ನಿಗೆ ಅಳುತ್ತಿದ್ದರೂ ನಿಲ್ಲದೆ ನಡೆದಳು.

ಹಜಾರದ ಕೊನೆಗೆ ತೂಕದಯ್ಯ ಕೂತಿದ್ದ. ಹಿಂದಿನ ಗೂಡುಗಳಲ್ಲಿ ಸಣ್ಣ ಸಣ್ಣ ಕುಡಿಕೆಗಳು. ಪ್ರತಿ ಕುಡಿಕೆಯಲ್ಲೂ ಒಬ್ಬೊಬ್ಬರ ಕೈಗುಣ ಮಿಣುಕುತ್ತಿತ್ತು. ಕೆಳಗೆ ಊರಿನ ಜನ ಸಾಲಾಗಿ ಕೂತು, ಬೊಂಬೆಗಳ ಹಾಗೆ ಕೆಲಸ ಮಾಡುತ್ತಿದ್ದರು. ಅವರ ನಡುವೆ ಸೋಮವ್ವನೂ ಇದ್ದಳು.

"ಏನು ಬೇಕು ತಂಗಿ?"

"ನಮ್ಮಕ್ಕನ ಕೈಗುಣ ಬೇಕು ಅಯ್ಯಾ."

"ಕೊಡೋಣ. ಬದಲಿಗೆ ನಿನ್ನದು. ತೂಕಕ್ಕೆ ತೂಕ."

ನಿಂಗವ್ವ ಅಕ್ಕನ ಕಡೆ ನೋಡಿದಳು. ಅಕ್ಕ ಒಮ್ಮೆಯೂ ತಲೆಯೆತ್ತಿರಲಿಲ್ಲ. ನಿಂಗವ್ವ ಕಣ್ಣು ಮುಚ್ಚಿ ಕೈ ಚಾಚಿದಳು. ಬೆರಳ ತುದಿಯಿಂದ ಏನೋ ಜಾರಿತು. ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಅದರ ಘಮ, ಎಲ್ಲವೂ ಹೋದವು. ಕಣ್ಣು ತೆರೆದಾಗ ಎದುರಿಗೆ ಎರಡು ಕೈಗಳಿದ್ದವು. ಯಾರವೋ ಅನ್ನಿಸಿತು.

ತಕ್ಕಡಿಯ ಒಂದು ತಟ್ಟೆಯಲ್ಲಿ ಅಕ್ಕನ ಕೈಗುಣ, ಇನ್ನೊಂದರಲ್ಲಿ ಅವಳದು. ಮುಳ್ಳು ನೆಟ್ಟಗಿತ್ತು. ತೂಕದಯ್ಯ ತಟ್ಟೆ ಎತ್ತಹೋದ.

ಕೈ ಎಲ್ಲವನ್ನೂ ಮರೆತಿತ್ತು. ನಾಲಿಗೆ ಮರೆತಿರಲಿಲ್ಲ. ಹುಟ್ಟಿದಂದಿನಿಂದ ಸಂತೆಯಲ್ಲಿ ಬೆಳೆದ ಆ ನಾಲಿಗೆ ತನ್ನಷ್ಟಕ್ಕೆ ಆಡಿತು.

"ಕೊಸರು ಹಾಕ್ರಿ ಅಯ್ಯಾ."

ತೂಕದಯ್ಯನ ಕೈ ಅಲ್ಲೇ ನಿಂತಿತು. "ಏನಂದೆ?"

"ತೂಗಿದ ಮೇಲೆ ಒಂದಿಷ್ಟು ಕೊಸರು. ತಟ್ಟೆ ಗಿರಾಕಿ ಕಡೆ ಬಾಗಬೇಕಲ್ಲ! ನೀವು ಸಂತೆ ಮಾಡೋರು, ನಿಮಗೆ ನಾನು ಹೇಳಿಕೊಡಬೇಕಾ?"

ಬಾಗಿಲಲ್ಲಿದ್ದ ಹುಲಿ ಸದ್ದಿಲ್ಲದೆ ಒಳಗೆ ಬಂದು ಕೂತಿತು. "ಕೇಳಿದವರಿಗೆ ಕೊಸರು ಕೊಡಬೇಕು," ಅಂದಿತು. "ಅದೂ ನೇಮ."

ತೂಕದಯ್ಯ ಗಬಕ್ಕನೆ ಈರಯ್ಯನ ಕುಡಿಕೆಗೆ ಕೈ ಹಾಕಿದ. ಹುಲಿ ಗುರುಗುಟ್ಟಿತು. "ಅದು ತೂಗಿ ತಂದಿದ್ದು. ಕೊಸರು ಕೊಡುವವನ ಸ್ವಂತದ್ದಾಗಿರಬೇಕು."

ಅವನಲ್ಲಿ ಸ್ವಂತದ್ದೆಂದು ಏನೂ ಇರಲಿಲ್ಲ. ತನ್ನ ಕಿರುಬೆರಳನ್ನೇ ಮುರಿದು ಅಕ್ಕನ ಕೈಗುಣದ ತಟ್ಟೆಗೆ ಹಾಕಿದ. ರಕ್ತ ಬರಲಿಲ್ಲ. ತಟ್ಟೆಯೂ ಅಲುಗಲಿಲ್ಲ.

"ಇಷ್ಟೇನಾ?" ಅಂದಳು ನಿಂಗವ್ವ. ಅಷ್ಟಕ್ಕೇ ಬಿಡಲಿಲ್ಲ. "ಎಂಥಾ ಬಿಗಿ ಕೈ ಅಯ್ಯಾ ನಿಮ್ಮದು! ಇನ್ನೊಂಚೂರು ಹಾಕ್ರಿ."

ಅಂಗೈ ಹಾಕಿದ. ತೋಳು ಹಾಕಿದ. ಮುಳ್ಳು ಕದಲಲಿಲ್ಲ. ಹುಲಿ ಒಂದು ಹೆಜ್ಜೆ ಮುಂದೆ ಬಂತು. ತೂಕದಯ್ಯ ಕಿರುಚುತ್ತಾ ಇಡಿಯಾಗಿ ತಟ್ಟೆಯೊಳಗೆ ಹಾರಿದ. ಆಗಲೂ ಆ ತಟ್ಟೆ ಕೂದಲೆಳೆಯಷ್ಟೂ ಬಾಗಲಿಲ್ಲ. ಜಗತ್ತನ್ನೆಲ್ಲ ತೂಗಿದವನಿಗೆ ತನ್ನದೆಂಬ ತೂಕವೇ ಇರಲಿಲ್ಲ. ಹುಲಿ ಬಾಯಿ ತೆರೆದು ಒಮ್ಮೆ ಉಸಿರೆಳೆದುಕೊಂಡಿತು. ತಟ್ಟೆಯಲ್ಲಿ ಅವನಿರಲಿಲ್ಲ.

ಕುಡಿಕೆಗಳು ಒಂದೊಂದಾಗಿ ಒಡೆದವು. ಬೆಳಕುಗಳು ತಮ್ಮ ತಮ್ಮ ಕೈ ಹುಡುಕಿಕೊಂಡು ಹಾರಿದವು. ಹಜಾರದ ಕಲ್ಲುಗಳು ಮೈಮುರಿದು ಎದ್ದವು. ಸೋಮವ್ವ ತಲೆಯೆತ್ತಿ ಮೊದಲು ಕೇಳಿದ್ದು, "ನಿಂಗೀ, ನನ್ನ ಸೆರಗು ಹರಿದವರು ಯಾರೇ?"

ನಿಂಗವ್ವ ನಗುತ್ತಾ ಅತ್ತುಬಿಟ್ಟಳು.

ಮರುವಾರ ಊರಿನವರು ಸೇರಿ ಕೋಟೆಯ ಮಗ್ಗ, ತಿಗರಿ, ಉಳಿಗಳನ್ನೆಲ್ಲ ಗಾಡಿಗೆ ಹೇರಿ ಎರೆಮಾಳಕ್ಕೆ ತಂದರು. ಊರ ನಡುವೆ ದೊಡ್ಡ ಚಪ್ಪರ ಹಾಕಿ ಒಟ್ಟಿಗೆ ಕೂತು ಕೆಲಸಕ್ಕೆ ಹತ್ತಿದರು. ಕೊಳ್ಳುವವರು ಏನೇ ಕೇಳಿದರೂ ಚಪ್ಪರದ ಎಲ್ಲರೂ ಒಪ್ಪಿದರಷ್ಟೇ ಕೊಡುವುದೆಂಬ ಹೊಸ ನೇಮ ಮಾಡಿದರು. ರಾಜಧಾನಿಗೆ ತಾವೇ ಗಾಡಿ ಕಟ್ಟಿದರು. ಎರಡು ಕಂಬಳಿ ಒಂದೇ ಥರ ಇಲ್ಲವಲ್ಲ ಎಂದು ರಾಜ ಗೊಣಗಿದ. ಆ ಚಳಿಗಾಲ ಹೊದ್ದು ಮಲಗಿದ ಮೇಲೆ ಗೊಣಗುವುದನ್ನು ಬಿಟ್ಟ.

ಆರಿದ ಒಲೆಗಳೆಲ್ಲ ಮತ್ತೆ ಹೊತ್ತಿಕೊಂಡವು. ಎರೆಮಾಳದವರು ದುಡಿದು, ಮಾರಿ, ಹಂಚಿಕೊಂಡು ಉಂಡು, ನೂರುಕಾಲ ನೆಮ್ಮದಿಯಿಂದ ಬಾಳಿದರು.